ಗೆದ್ದ ಮಾತ್ರಕ್ಕೆ ಆ ಬಲಿ ಸರಿ ಅಂತಾಗಲ್ಲ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಚೆಸ್ ಬಗ್ಗೆ ಪೇಪರ್‌ಗಳಲ್ಲಿ ಬರೋ ವರದಿಗಳನ್ನ ಆಸೆಯಿಂದ ಓದೋರಲ್ಲಿ ನಾನೂ ಒಬ್ಬ, ಆದ್ರೆ ಒಂದು ವಿಷಯ ಮಾತ್ರ ಪ್ರತಿ ಸಲ ಬೇಜಾರು ಮಾಡುತ್ತೆ. ಯಾವುದೋ ಎಂಜಿನ್ (ಚೆಸ್ ಆಡೋ ಪ್ರೋಗ್ರಾಮ್) ಕುದುರೆನೋ ಆನೆನೋ ಬೇಕಂತಲೇ ಬಲಿ ಕೊಟ್ಟು ಗೆದ್ರೆ ಅದು "ಅದ್ಭುತ ನಡೆ", ಅಂಥದ್ದೇ ಬಲಿ ಕೊಟ್ಟು ಸೋತ್ರೆ "ಎಡವಟ್ಟು". ಎರಡು ಕಡೆನೂ ನಡೆ ಒಂದೇ ಆಗಿರಬಹುದು, ಎದುರು ಕೂತಿದ್ದೋರು ಬೇರೆ ಅಷ್ಟೇ. ರಿಸಲ್ಟ್ ನೋಡ್ಕೊಂಡು ನಡೆಗೆ ಮಾರ್ಕ್ಸ್ ಹಾಕೋದು ತಪ್ಪು, ಆ ನಡೆ ಆಡೋ ಹೊತ್ತಿಗೆ ಪ್ರೋಗ್ರಾಮ್‌ಗೆ ಏನು ಗೊತ್ತಿತ್ತು, ಏನು ಗೊತ್ತಿರ್ಲಿಲ್ಲ ಅನ್ನೋದನ್ನ ಮೊದಲು ನೋಡ್ಬೇಕು.

1997ರ ಮೇ 11ರ ಆಟಾನೇ ತಗೊಳ್ಳಿ, ನ್ಯೂಯಾರ್ಕ್‌ನಲ್ಲಿ ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ಮತ್ತು ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ನಡುವಿನ ಆರನೇ ಆಟ. ಕ್ಯಾರೋ-ಕಾನ್ ಅನ್ನೋ ಓಪನಿಂಗು (ಆಟ ಶುರು ಮಾಡೋ ಕ್ರಮ), ಎಂಟನೇ ನಡೆಗೇ ಮಷೀನು ಇ6 ಮನೆಗೆ ಕುದುರೆ ನುಗ್ಗಿಸಿ ಒಂದು ಕಾಲಾಳಿಗೋಸ್ಕರ ಕುದುರೆನೇ ಬಿಟ್ಟುಕೊಡ್ತು, ಕಾಸ್ಪರೋವ್ ಅವರ ಕಪ್ಪು ರಾಜ ಕ್ಯಾಸಲಿಂಗ್ (ರಾಜನನ್ನ ಆನೆ ಜೊತೆ ಬದಿಗೆ ಸರಿಸೋ ನಡೆ) ಇಲ್ದೆ ಮಧ್ಯದಲ್ಲೇ ಸಿಕ್ಕಾಕೊಂಡ, 19 ನಡೆಗೆ ಆಟ ಮುಗೀತು, ಮ್ಯಾಚು 3.5–2.5ರಿಂದ ಮಷೀನಿನ ಪಾಲಾಯ್ತು. ಮಷೀನ್ ಧೈರ್ಯ ಮಾಡ್ತು ಅಂತ ಇವತ್ತಿಗೂ ಬರೀತಾರೆ. ಆದ್ರೆ ಆ ಬಲಿ ಅದರ ತಂಡದವರು ಓಪನಿಂಗ್ ಬುಕ್‌ಗೆ, ಅಂದ್ರೆ ಶುರುವಿನ ನಡೆಗಳ ಸಿದ್ಧ ಪಟ್ಟಿಗೆ, ಮೊದಲೇ ತುಂಬಿಟ್ಟಿದ್ದು. ಸೆಕೆಂಡಿಗೆ 20 ಕೋಟಿ ಪೊಸಿಷನ್ (ಹಲಗೆ ಮೇಲೆ ಕಾಯಿಗಳು ಇರೋ ಸ್ಥಿತಿ) ನೋಡೋ ತಾಕತ್ತಿದ್ದ ಡೀಪ್ ಬ್ಲೂಗೆ ಆ ಒಂದು ನಡೆಗೆ ಲೆಕ್ಕ ಹಾಕೋ ಕೆಲಸಾನೇ ಇರ್ಲಿಲ್ಲ. ನಡೆ ಒಳ್ಳೇದೇ, ಆಮೇಲಿನ ಅಟ್ಯಾಕ್ ಮಷೀನಿನದೇ, ಆದ್ರೆ ಬಲಿಯ ಕ್ರೆಡಿಟ್ ಮಾತ್ರ ಮನುಷ್ಯರಿಗೆ ಸೇರ್ಬೇಕು.

ಹಳೇ ಪ್ರೋಗ್ರಾಮ್‌ಗಳಲ್ಲಿ ಕಾಲಾಳಿಗೆ 1, ಕುದುರೆಗೆ 3, ಆನೆಗೆ 5, ಮಂತ್ರಿಗೆ 9 ಅನ್ನೋ ಥರ ಬೆಲೆ ಬರೆದಿಟ್ಟಿರ್ತಿದ್ರು. ಹಾಗಿರೋವಾಗ ಕಾಯಿ ಕೊಡ್ಬೇಕಂದ್ರೆ ಎರಡೇ ದಾರಿ, ಒಂದೋ ತನಗೆ ಕಾಣೋ ದೂರದೊಳಗೆ ಕೊಟ್ಟಿದ್ದು ವಾಪಸ್ ಬರ್ಬೇಕು, ಇಲ್ಲಾ ಎದುರಾಳಿ ರಾಜನ ಸುತ್ತ ಅಟ್ಯಾಕ್ ಇದ್ರೆ ಇಷ್ಟು ಬೋನಸ್ ಪಾಯಿಂಟ್ ಅಂತ ಬರೆದಿರ್ಬೇಕು. ವಾಪಸ್ ಬರೋದು ಕಾಣ್ತಿದ್ರೆ ಅದು ನಿಜವಾದ ಬಲಿನೇ ಅಲ್ಲ, ಬರೀ ಲೆಕ್ಕ. ಎರಡನೇದ್ರಲ್ಲೇ ರಿಸ್ಕ್ ಇರೋದು, ಆ ಬೋನಸ್ ಜಾಸ್ತಿ ಮಾಡಿಬಿಟ್ರೆ ಎಂಜಿನ್ ಸಿಕ್ಕಾಪಟ್ಟೆ ಕಾಯಿ ಚೆಲ್ಲುತ್ತೆ, ಡಿಫೆನ್ಸ್ ಬರದೇ ಇರೋರ ಮೇಲೆ ಗೆಲ್ಲುತ್ತೆ, ಗಟ್ಟಿಯಾಗಿ ಆಡೋರ ಮುಂದೆ ಖಾಲಿ ಕೈಯಲ್ಲಿ ನಿಲ್ಲುತ್ತೆ. ಅಲ್ಲಿ ನಾವು ನಿಜಕ್ಕೂ ಅಳೀತಿರೋದು ಪ್ರೋಗ್ರಾಮರ್ ಬರೆದ ಆ ಒಂದು ನಂಬರನ್ನ.

ಇನ್ನೊಂದಿದೆ. ಸೋಲೋದು ಖಚಿತ ಅಂತ ಕಂಡಾಗ ಕೆಲವು ಎಂಜಿನ್‌ಗಳು ಒಂದಾದ ಮೇಲೊಂದು ಕಾಯಿ ಕೊಟ್ಟು ಚೆಕ್ ಕೊಡ್ತಾ ಹೋಗ್ತವೆ, ಯಾಕಂದ್ರೆ ಆ ಸೋಲನ್ನ ತಮ್ಮ ಕಣ್ಣಳತೆಯಿಂದ ಆಚೆಗೆ ತಳ್ಳಿದ್ರೆ ಅವುಗಳ ಪಾಲಿಗೆ ಅದು ಇಲ್ವೇ ಇಲ್ಲ. ಹೊರಗಿಂದ ನೋಡೋರಿಗೆ ಭಯಂಕರ ಬಲಿ ಅನ್ಸುತ್ತೆ, ಒಳಗೆ ಅದು ಬರೀ ಮುಂದೂಡಿಕೆ. ಎಂಜಿನ್ ತಾನೇ ತೋರಿಸೋ ಸ್ಕೋರು (ಯಾರು ಎಷ್ಟು ಮುಂದಿದ್ದಾರೆ ಅನ್ನೋ ಅಂಕಿ) ಬಲಿ ಕೊಟ್ಟ ಮೇಲೆ ನಡೆಯಿಂದ ನಡೆಗೆ ಕುಸೀತಾ ಹೋಗಿದ್ರೆ ಇದೇ ಅಂತ ಅನುಮಾನ ಪಡಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ಜನ ಗಮನಿಸದೇ ಇರೋದು ಪರ್ಪೆಚುಯಲ್ ಚೆಕ್. ಆನೆ ಕೊಟ್ಟ ಎಂಜಿನ್‌ಗೆ, ಅಟ್ಯಾಕ್ ಕೈಕೊಟ್ರೂ ಚೆಕ್ ಮೇಲೆ ಚೆಕ್ ಕೊಟ್ಟು ಡ್ರಾ ಮಾಡ್ಕೋಬಹುದು ಅಂತ ಮೊದಲೇ ಕಾಣ್ತಿದ್ರೆ ಅದರಲ್ಲಿ ರಿಸ್ಕ್ ಎಲ್ಲಿ ಬಂತು? ಗೆದ್ರೆ ಲಾಭ, ಇಲ್ಲಾಂದ್ರೆ ಅರ್ಧ ಪಾಯಿಂಟ್ ಕೈಲೇ ಇದೆ. ವಾಪಸ್ ಬರೋ ದಾರಿ ಇಲ್ಲದೇ ಇದ್ದಾಗ ಕೊಟ್ಟಿದ್ದನ್ನ ಮಾತ್ರ ರಿಸ್ಕಿನ ಬಲಿ ಅನ್ನಬೇಕು, ನಮ್ಮ ವರದಿಗಳಲ್ಲಿ ಈ ವ್ಯತ್ಯಾಸ ಬಂದಿದ್ದು ನಾನಂತೂ ನೋಡಿಲ್ಲ.

ಡೀಪ್‌ಮೈಂಡ್ ಕಂಪನಿಯ ಆಲ್ಫಾಝೀರೋ ಅನ್ನೋ ಪ್ರೋಗ್ರಾಮ್ ಬಂದ್ಮೇಲೆ ಅಳತೆಗೋಲೇ ಬದಲಾಯ್ತು. ಅದಕ್ಕೆ ಕುದುರೆಗೆ 3 ಅಂತ ಯಾರೂ ಹೇಳಿಕೊಡ್ಲಿಲ್ಲ, ತನ್ನ ವಿರುದ್ಧ ತಾನೇ ಆಡಿ ಈ ಪೊಸಿಷನ್‌ನಿಂದ ಎಷ್ಟು ಪಾಯಿಂಟ್ ಬರಬಹುದು ಅನ್ನೋದನ್ನಷ್ಟೇ ಕಲೀತು. 2018ರಲ್ಲಿ ಪ್ರಕಟವಾದ ಮ್ಯಾಚ್‌ನಲ್ಲಿ ಸ್ಟಾಕ್‌ಫಿಶ್ ಅನ್ನೋ ಇನ್ನೊಂದು ಬಲವಾದ ಎಂಜಿನ್ ಮೇಲೆ 1000 ಆಟದಲ್ಲಿ 155 ಗೆದ್ದು 6 ಸೋತಿತು, ಉಳಿದಿದ್ದು ಡ್ರಾ. ಕಾಲಾಳು, ಕುದುರೆ ಕೊಟ್ಟು ಎಷ್ಟೋ ನಡೆ ಸುಮ್ನೆ ಒತ್ತಡ ಹಾಕ್ತಾ ಕೂತ ಆಟಗಳು ಅದರಲ್ಲಿವೆ, ನನಗೆ ಅವು ತುಂಬಾ ಇಷ್ಟ. ಆದ್ರೆ ಆ 6 ಸೋಲನ್ನೂ ಅಷ್ಟೇ ಗಮನ ಕೊಟ್ಟು ನೋಡದೇ ಇದ್ರೆ ಅದರ ಸ್ಟೈಲ್ ಬಗ್ಗೆ ಮಾತಾಡೋ ಹಕ್ಕು ನಮಗಿಲ್ಲ.

ಹಾಗಾದ್ರೆ ಅಳೆಯೋದು ಹೇಗೆ ಅಂತ ಕೇಳ್ತೀರಿ. ಬಲಿ ಕೊಟ್ಟ ಪೊಸಿಷನ್‌ನಿಂದಲೇ ಬೇರೆ ಬೇರೆ ಎಂಜಿನ್‌ಗಳನ್ನ ಎರಡೂ ಕಡೆ ಕೂರಿಸಿ, ಸಾಕಷ್ಟು ಟೈಮ್ ಕೊಟ್ಟು ಹತ್ತಾರು ಆಟ ಆಡಿಸ್ಬೇಕು, ಆಮೇಲೆ ಬಲಿ ಕೊಡದೇ ಇರೋ ಎರಡನೇ ಒಳ್ಳೇ ನಡೆಯಿಂದಲೂ ಅಷ್ಟೇ ಆಟ ಆಡಿಸ್ಬೇಕು. ಬಲಿಯಿಂದ ಹೆಚ್ಚು ಪಾಯಿಂಟ್ ಬಂದ್ರೆ ನಡೆ ಸರಿ, ಆ ಒಂದು ಆಟ ಸೋತಿದ್ರೂ ಸರಿನೇ. ಸ್ಕ್ರೀನ್ ಮೇಲಿನ ಸ್ಕೋರ್ ಒಂದನ್ನೇ ನಂಬೋಕಾಗಲ್ಲ, 2022ರ ಕೊನೆಯಿಂದ ಸ್ಟಾಕ್‌ಫಿಶ್ ತೋರಿಸೋ +1 ಅಂದ್ರೆ ಒಂದು ಕಾಲಾಳು ಹೆಚ್ಚು ಅಂತಲ್ಲ, ತನ್ನಷ್ಟೇ ಬಲದ ಎಂಜಿನ್ ಮೇಲೆ ಗೆಲ್ಲೋ ಅವಕಾಶ ಶೇ 50 ಅಂತ. ಇನ್ನು 0.00, ಅಂದ್ರೆ ಸಮಬಲ, ಬಂದಿದೆ ಅಂದ್ರೆ ಎದುರಾಳಿ ಹತ್ತು ನಡೆ ಒಂದೊಂದೂ ಕರೆಕ್ಟಾಗಿ ಆಡಿದ್ರೆ ಮಾತ್ರ ಡ್ರಾ ಅಂತಲೂ ಇರಬಹುದು, ಮನುಷ್ಯರ ಎದುರು ಆ ಬಲಿ ಹೆಚ್ಚುಕಮ್ಮಿ ಗೆಲುವೇ, ಇನ್ನೊಂದು ಎಂಜಿನ್ ಎದುರು ಬರೀ ಡ್ರಾ.

ಅದಕ್ಕೇ ಕೇಳ್ಕೊಳ್ಳೋದು, ಇನ್ಮುಂದೆ ಇಂಥ ಆಟ ಛಾಪಿಸುವಾಗ ಬಲಿ ಕೊಟ್ಟ ಪೊಸಿಷನ್ನಿನ ಚಿತ್ರ ಹಾಕಿ, ಓಪನಿಂಗ್ ಬುಕ್ ಯಾವ ನಡೆಗೆ ಮುಗೀತು, ಒಂದೊಂದು ನಡೆಗೆ ಎಷ್ಟು ಟೈಮಿತ್ತು, ಬಲಿಗೆ ಮುಂಚೆ ಆ ಪ್ರೋಗ್ರಾಮೇ ಎಷ್ಟು ಸ್ಕೋರ್ ತೋರಿಸ್ತಿತ್ತು ಅಂತ ಎರಡು ಸಾಲು ಬರೀರಿ, ಮಿಕ್ಕಿದ್ದನ್ನ ಓದುಗರು ತಾವೇ ಚೆಕ್ ಮಾಡ್ಕೋತಾರೆ.

ಇಂತಿ,
ಒಬ್ಬ ಚೆಸ್ ಪ್ರೇಮಿ