ಹವಾಲ್ದಾರರ ಋಣ

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಕಪ್ಪು ಸೈನಿಕರ ಬ್ಯಾಂಡನ್ನು ಮುನ್ನಡೆಸಿದ ಸಂಗೀತಗಾರ ಜೇಮ್ಸ್ ರೀಸ್ ಯುರೋಪ್ ಅವರನ್ನು ಕುರಿತ ನನ್ನ ಪುಸ್ತಕ ಕಳೆದ ಭಾನುವಾರ ಓದುಗರ ಕೈಸೇರಿತು. ಕರಡು ತಿದ್ದಿದ ಗೆಳೆಯರಿಗೆ, ಮುದ್ರಕರಿಗೆ, ಆಸ್ಪತ್ರೆಗೆ ಸರದಿಯ ಮೇಲೆ ಊಟ ತಂದವರಿಗೆಲ್ಲ ನಾನು ಕೃತಜ್ಞ. ಪುಸ್ತಕ ಮುಗಿಯುವ ಮೊದಲೇ ನಾನು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದೆ.

ಪಕ್ಕದ ಮನೆಯ ಹವಾಲ್ದಾರರ ವಿಷಯವನ್ನು ಮಾತ್ರ ಬಿಡಿಸಿ ಬರೆಯಬೇಕು. ಸೇನೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ನಿವೃತ್ತರಾದ ಅವರು, ಉಸಿರು ಸಿಗದೆ ನಾನು ಒದ್ದಾಡಿದ ಆ ರಾತ್ರಿ ಬೆಳಗಿನವರೆಗೂ ನನ್ನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಹಸ್ತಪ್ರತಿ ಇನ್ನು ಬೇಡವೆಂದು ನಾನು ಕೈಯಾಡಿಸಿದಾಗ, ಸಮಾಧಾನದ ಒಂದು ಮಾತನ್ನೂ ಆಡದೆ, ಕನ್ನಡಕ ಹಾಕಿಕೊಂಡು ಅದನ್ನು ಮೊದಲ ಪುಟದಿಂದ ಮೆಲುದನಿಯಲ್ಲಿ ಓದತೊಡಗಿದರು.

1918ರ ಜನವರಿ 1ರಂದು ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಇಳಿದ ಯುರೋಪ್ ಅವರ ಬ್ಯಾಂಡು ಫ್ರಾನ್ಸಿನ ರಾಷ್ಟ್ರಗೀತೆಯನ್ನೇ ನುಡಿಸಿದರೂ, ಲಯ ಹೊಸದಾಗಿದ್ದುದರಿಂದ ಅಲ್ಲಿನವರಿಗೆ ಮೊದಲು ಗುರುತೇ ಸಿಗಲಿಲ್ಲ ಎಂಬ ಸಾಲನ್ನು ಅವರು ಎರಡು ಸಲ ಓದಿದರು. ಆ ಬ್ಯಾಂಡಿನ ನೋಬಲ್ ಸಿಸ್ಸಲ್ ಅವರನ್ನು ನಾನು ಬ್ಯಾಂಡ್ ಮಾಸ್ಟರ್ ಎಂದು ಬರೆದಿದ್ದೆ. "ಕೋಲು ಹಿಡಿದು ಮುಂದೆ ನಡೆಯುವವರು ಡ್ರಮ್ ಮೇಜರ್, ಮೇಷ್ಟ್ರೇ" ಎಂದು ತಿದ್ದಿದರು. ಜಾಝ್ ನಾದದ ಗುಟ್ಟು ವಾದ್ಯದೊಳಗೇ ಅಡಗಿರಬೇಕೆಂದು ಫ್ರೆಂಚ್ ವಾದಕರು ಅಮೆರಿಕನ್ನರ ವಾದ್ಯಗಳನ್ನು ಪರೀಕ್ಷಿಸಿದ ಪುಟ ಬಂದಾಗ, ಮುಷ್ಟಿಯನ್ನೇ ತುಟಿಗಿಟ್ಟುಕೊಂಡು, ಯುರೋಪ್ ಸ್ವತಃ ವಿವರಿಸಿದ್ದಂತೆಯೇ ನಾಲಗೆಯನ್ನು ಗಿರ್ರನೆ ಹೊರಳಿಸಿ, ಪೂರ್ತಿ ಉಸಿರು ಬಿಟ್ಟು ತೋರಿಸಿದರು. ವಾರ್ಡಿನಲ್ಲಿ ಯಾರಿಗೂ ಎಚ್ಚರವಾಗದಷ್ಟು ಸಣ್ಣ ಸದ್ದು. ನಾನು ಅವರ ಎದೆಯ ಏರಿಳಿತವನ್ನೇ ನೋಡುತ್ತ ನನ್ನ ಉಸಿರನ್ನು ಅದಕ್ಕೆ ಹೊಂದಿಸಲು ಯತ್ನಿಸುತ್ತಿದ್ದೆ.

ರಣರಂಗದಲ್ಲಿ ವಿಷಾನಿಲ ತಗುಲಿ ಆಸ್ಪತ್ರೆ ಸೇರಿದ ಯುರೋಪ್ ಅಲ್ಲೇ ಮಲಗಿ ಹಾಡು ಕಟ್ಟಿದ ಭಾಗ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ನಾನು ಸಾಯುತ್ತೇನೆಂದು ಎಷ್ಟು ಹೆದರಿದ್ದೆನೆಂಬುದನ್ನು ಕಂಡವರು ಅವರೊಬ್ಬರೇ. ಅದನ್ನು ಅವರು ಈವರೆಗೆ ಯಾರಲ್ಲೂ ಹೇಳಿಲ್ಲ.

1919ರ ಫೆಬ್ರವರಿ 17ರಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಿಂದ ಹಾರ್ಲೆಮಿನವರೆಗೆ ಆ ಕಪ್ಪು ಸೈನಿಕರ ದಳ ನಡೆದ ಮೆರವಣಿಗೆಗೆ ನನ್ನ ಬರಹ ನಿಂತಿತ್ತು. ಮೂರು ತಿಂಗಳೂ ತುಂಬುವ ಮೊದಲೇ, ಮೇ 9ರಂದು, ಬಾಸ್ಟನ್ನಿನಲ್ಲಿ ತನ್ನದೇ ಬ್ಯಾಂಡಿನ ಡ್ರಮ್ ವಾದಕನ ಚೂರಿಗೆ ಯುರೋಪ್ ಬಲಿಯಾದದ್ದನ್ನು ಬರೆಯಲು ನನಗೆ ಧೈರ್ಯವಾಗಿರಲಿಲ್ಲ. "ಇದು ಮುಗಿದಿಲ್ಲವಲ್ಲ" ಎಂದಷ್ಟೇ ಹೇಳಿ ಅವರು ಕಾಗದ ಜೋಡಿಸಿಟ್ಟರು. ನಾನು ಮನೆಗೆ ಬಂದ ಮೇಲೆ ದಿನವೂ ಸಂಜೆ ಐದಕ್ಕೆ ಬಂದು, ನಾನು ಹೇಳಿದ್ದನ್ನು ಬರೆದುಕೊಂಡರು. ಪುಸ್ತಕದ ಕೊನೆಯ ಅಧ್ಯಾಯದ ಮೂಲಪ್ರತಿ ಇಡಿಯಾಗಿ ಅವರ ದುಂಡು ಅಕ್ಷರದಲ್ಲಿದೆ.