ಮಗಳಿಗೊಂದು ಪತ್ರ: ಟೆರೆಜಿನ್‌ನ ಚಿತ್ರಕಲಾ ಶಿಕ್ಷಕಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಲು ಸೇರಿದಂದಿನಿಂದ ನಿನಗೆ ಒಬ್ಬ ಹೆಣ್ಣುಮಗಳ ವಿಷಯ ಬರೆಯಬೇಕೆಂದುಕೊಂಡಿದ್ದೆ. ಇಂದು ಅಕ್ಟೋಬರ್ 9. 1944ರಲ್ಲಿ ಇದೇ ದಿನ ನಾಜಿಗಳು ಆಕೆಯನ್ನು ಆಶ್ವಿಟ್ಜ್ ಎಂಬ ಸಾವಿನ ಶಿಬಿರದಲ್ಲಿ ಕೊಂದರು. ಆಕೆಯ ಹೆಸರು ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್; ಆಗ 46 ವರ್ಷ.

ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಫ್ರೀಡ್ಲ್, ಜರ್ಮನಿಯ ವೈಮಾರ್‌ನಲ್ಲಿದ್ದ ಬೌಹೌಸ್ ಕಲಾಶಾಲೆಯಲ್ಲಿ ಕಲಿತವರು. 1942ರ ಡಿಸೆಂಬರಿನಲ್ಲಿ ಆಕೆಯನ್ನೂ ಪತಿ ಪಾವೆಲ್‌ರನ್ನೂ ನಾಜಿಗಳು ಯಹೂದಿಗಳನ್ನು ಕೂಡಿಹಾಕುತ್ತಿದ್ದ, ಈಗಿನ ಜೆಕ್ ದೇಶದ ಟೆರೆಜಿನ್ ಘೆಟ್ಟೋಗೆ ಸಾಗಿಸಿದಾಗ, ತಲೆಗೆ 50 ಕಿಲೋದಷ್ಟು ಮಾತ್ರ ಸಾಮಾನು ಒಯ್ಯಬಹುದಾಗಿದ್ದರೂ, ಅದರಲ್ಲಿ ಬಣ್ಣ ಮತ್ತು ಕಾಗದಗಳಿಗೂ ಆಕೆ ಜಾಗ ಮಾಡಿಕೊಂಡರು. ಅನ್ನ, ಬಟ್ಟೆಗಳ ಚಿಂತೆಯೇ ದೊಡ್ಡದಾಗಿರುವ ಹೊತ್ತಿನಲ್ಲಿ ಹಾಗೆ ಗಂಟು ಕಟ್ಟಿದ ಕೈಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಹೆತ್ತವರಿಂದ ಬೇರೆಯಾಗಿ ಮಕ್ಕಳ ವಸತಿಗಳಲ್ಲಿದ್ದವರಿಗೆ ಆಕೆ ಪಾಠ ಮಾಡಿದರು. ತಂದ ಕಾಗದ ಮುಗಿದರೆ ಕಚೇರಿಯ ರದ್ದಿ ಹಾಳೆಗಳ ಬೆನ್ನಿಗೇ ಮಕ್ಕಳು ಹೂವು, ಚಿಟ್ಟೆ, ತಾವು ಬಿಟ್ಟುಬಂದ ಮನೆಗಳನ್ನು ಬರೆದರು. ತಮ್ಮ ಶೈಲಿಯನ್ನು ಮಕ್ಕಳ ಮೇಲೆ ಹೇರದೆ, ಪ್ರತಿ ಮಗುವಿಗೂ ತನ್ನದೇ ಗೆರೆ ಸಿಗುವವರೆಗೆ ಕಾದರು. ಬರೆದ ಚಿತ್ರಕ್ಕೆ ಹೆಸರು ಹಾಕಬೇಕೆಂದು ಮಾತ್ರ ಒತ್ತಾಯಿಸಿದರು. ಸಾಗಣೆಯ ಪಟ್ಟಿಯಲ್ಲಿ ಒಂದು ಸಂಖ್ಯೆಯಾಗಿಹೋದ ಮಗು ತನ್ನ ಹೆಸರನ್ನು ತಾನೇ ಬರೆಯುವುದೆಂದರೆ ಏನೆಂಬುದು, ದಿನವೂ ಹಾಜರಿ ಕೂಗುವ ನಿನಗೆ ನನಗಿಂತ ಚೆನ್ನಾಗಿ ಅರ್ಥವಾದೀತು.

1944ರ ಸೆಪ್ಟೆಂಬರ್ ಕೊನೆಯಲ್ಲಿ ಪಾವೆಲ್‌ರನ್ನು ಆಶ್ವಿಟ್ಜ್‌ಗೆ ಕಳುಹಿಸಿದ ಮೇಲೆ, ಆಕೆ ತಾವಾಗಿಯೇ ಮುಂದಿನ ರೈಲು ಹತ್ತಲು ಹೆಸರು ಕೊಟ್ಟರು. ಅಕ್ಟೋಬರ್ 6ರಂದು ಹೊರಟರು. ಮರಗೆಲಸ ಬಲ್ಲ ಪಾವೆಲ್ ಬದುಕಿ ಉಳಿದರು.

ಹೊರಡುವ ಮುನ್ನ ಮಕ್ಕಳ ಚಿತ್ರಗಳು ಎರಡು ಸೂಟ್‌ಕೇಸ್‌ಗಳನ್ನು ಸೇರಿದ್ದವು. ಯುದ್ಧ ಮುಗಿದ ಮೇಲೆ ಸುಮಾರು 4,500 ಚಿತ್ರಗಳು ಪ್ರಾಗ್ ತಲುಪಿದವು. ಇಂದು ಅಲ್ಲಿನ ಯಹೂದಿ ಮ್ಯೂಸಿಯಂನಲ್ಲಿವೆ. ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಹಾಳೆಯ ಅಂಚಿನ ಹೆಸರುಗಳಿಂದಲೇ ಯಾವ ಹೂವು ಯಾವ ಮಗುವಿನದೆಂದು ಗುರುತಿಸಲು ಸಾಧ್ಯವಾಗಿದೆ.

ಇಂತಿ,
ನಿನ್ನ ಅಮ್ಮ