ಅಪ್ಪಾಜಿಯ ಮಳೆ ಪುಸ್ತಕವೂ ನನ್ನ ತೆರಿಗೆ ಲೆಕ್ಕವೂ

ಬ್ರಿಸ್ಟಲ್, ಇಂಗ್ಲೆಂಡ್
15 ಫೆಬ್ರವರಿ 2026

ತೀರ್ಥರೂಪು ಅಪ್ಪಾಜಿಯವರಿಗೆ ಮಗಳ ನಮಸ್ಕಾರಗಳು.

ಇವತ್ತು ಶಿವರಾತ್ರಿ. ನೀವೆಲ್ಲ ಗುಡಿಯಲ್ಲಿ ಜಾಗರಣೆ ಕೂತಿರುತ್ತೀರಿ. ನಾನೂ ಬೆಳಿಗ್ಗೆಯಿಂದ ಹಾಲು ಹಣ್ಣಿನಲ್ಲೇ ಇದ್ದೇನೆ. ನಿದ್ದೆ ಬರುವ ತನಕ ನಿಮಗೆ ಬರೆಯೋಣ ಅಂತ ಕೂತೆ. ಹೋದ ಭಾನುವಾರ ಫೋನಿನಲ್ಲಿ ನಾನು "ತೆರಿಗೆಗೆ ಹೊಸ ಕಾನೂನು ಬಂದಿದೆ, ಲೆಕ್ಕ ಎಲ್ಲ ಸರಿಮಾಡ್ತಾ ಇದ್ದೀನಿ" ಅಂದಾಗ ನೀವು ಸುಮ್ಮನಾಗಿಬಿಟ್ಟಿರಿ. ಆಮೇಲೆ ಅವ್ವ ಫೋನ್ ತಗೊಂಡು "ದುಡ್ಡೇನಾದ್ರೂ ಕಳಿಸಬೇಕಾ ಮಗಾ" ಅಂದಳು. ಅದು ಮನಸ್ಸಿನಲ್ಲೇ ಉಳಿದುಬಿಟ್ಟಿದೆ.

ತೊಂದರೆಯೇನೂ ಇಲ್ಲ, ಅಪ್ಪಾಜಿ. ನೋಟಿಸ್ ಬಂದಿಲ್ಲ, ದಂಡ ಬಿದ್ದಿಲ್ಲ. ಅರ್ಧ ಹೇಳಿ ನಿಮಗೆ ಗಾಬರಿ ಹುಟ್ಟಿಸಿದ್ದು ನನ್ನದೇ ತಪ್ಪು. ಪೂರ್ತಿ ಬರೆಯುತ್ತೇನೆ, ಓದಿ ಅವ್ವನಿಗೂ ಹೇಳಿ.

ಇಲ್ಲಿ ಸಂಬಳದವರ ತೆರಿಗೆಯನ್ನು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ನನ್ನ ಹಾಗೆ ಪುಸ್ತಕಕ್ಕೆ, ಪತ್ರಿಕೆಗೆ ಚಿತ್ರ ಬರೆದು ಬದುಕುವವರು ವರ್ಷಕ್ಕೊಮ್ಮೆ ತಾವೇ ಲೆಕ್ಕ ಕೊಡಬೇಕು. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಹಿಂದೆ ಇವರ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತಂತೆ. 1752ರಲ್ಲಿ ಕ್ಯಾಲೆಂಡರ್ ಬದಲಿಸಿ 11 ದಿನ ಬಿಟ್ಟುಬಿಟ್ಟರು, ತೆರಿಗೆಯ ದಿನ ಮಾತ್ರ ಹಾಗೇ ಮುಂದೆ ಸರಿದು ಏಪ್ರಿಲ್‌ಗೆ ಬಂದು ಕೂತಿತು. ಆ ವರ್ಷದ ಲೆಕ್ಕ ಕೊಡಲು ಮುಂದಿನ ಜನವರಿ 31ರ ತನಕ ಸಮಯ ಇರುತ್ತದೆ. ಹತ್ತು ತಿಂಗಳು ಸಿಕ್ಕರೆ ನನ್ನಂಥವಳು ಏನು ಮಾಡುತ್ತಾಳೆ ಅಂತ ನಿಮಗೆ ಗೊತ್ತಲ್ಲ. ರಸೀದಿಗಳನ್ನೆಲ್ಲ ಒಂದು ಬೂಟಿನ ಡಬ್ಬಿಗೆ ಹಾಕುತ್ತಾ ಬಂದೆ.

ಈ ಜನವರಿಯಲ್ಲಿ ಡಬ್ಬಿ ತೆರೆದರೆ ಅರ್ಧಕ್ಕರ್ಧ ಬಿಳಿ ಕಾಗದ. ಅಂಗಡಿಯ ಮೆಷಿನ್ ಶಾಖದಿಂದ ಮೂಡಿಸುವ ಅಕ್ಷರ ಅದು, ಶಾಯಿ ಇರುವುದಿಲ್ಲ. ಡಬ್ಬಿ ಇಟ್ಟಿದ್ದು ರೂಮಿನ ಹೀಟರ್ ಪಕ್ಕದಲ್ಲಿ, ಎಲ್ಲ ಮಾಸಿಹೋಗಿತ್ತು. ಬಣ್ಣ, ಬ್ರಷ್, ದಪ್ಪ ಕಾಗದ ಕೊಂಡಿದ್ದು ನೆನಪಿದೆ, ಎಷ್ಟು ಕೊಟ್ಟೆ ಅನ್ನುವುದು ನೆನಪಿಲ್ಲ. ಬ್ಯಾಂಕಿನ ಸ್ಟೇಟ್‌ಮೆಂಟ್ ಇಟ್ಟುಕೊಂಡು ನಾಲ್ಕು ರಾತ್ರಿ ಕೂತು ಒಂದೊಂದನ್ನೇ ಹೊಂದಿಸಿದೆ.

ಹಾಗೆ ಹೊಂದಿಸುವಾಗಲೇ ಇನ್ನೊಂದು ದೊಡ್ಡ ತಪ್ಪು ಸಿಕ್ಕಿತು. ನನಗೆ ಕೆಲಸ ತಂದುಕೊಡುವ ಏಜೆಂಟ್ ನೂರಕ್ಕೆ 25 ಕಮಿಷನ್ ಹಿಡಿದು ಉಳಿದಿದ್ದನ್ನು ಕಳಿಸುತ್ತಾರೆ. ಬ್ಯಾಂಕಿಗೆ ಬಂದಷ್ಟನ್ನೇ ನಾನು ಆದಾಯ ಅಂತ ಬರೆದುಕೊಂಡಿದ್ದೆ. ಏಜೆಂಟ್ ಕಡೆಯಿಂದ 18,000 ಪೌಂಡ್, ನೇರವಾಗಿ ಬಂದಿದ್ದು 9,500, ಒಟ್ಟು 27,500. ಆದರೆ ಕಾನೂನಿನ ಕಣ್ಣಿಗೆ ಏಜೆಂಟ್ ಕಡೆಯ ಆದಾಯ 24,000. ಹಿಡಿದುಕೊಂಡ 6,000ವನ್ನು ಖರ್ಚಿನ ಕಡೆ ತೋರಿಸಬೇಕು. ಅಂದರೆ ಒಟ್ಟು ಆದಾಯ 33,500. ಆದಾಯವೂ ಖರ್ಚೂ ಒಂದೇ ಅಳತೆಯಲ್ಲಿ ಏರಿದ್ದರಿಂದ ಕಟ್ಟುವ ತೆರಿಗೆಯಲ್ಲಿ ಒಂದು ಪೆನ್ನಿಯೂ ವ್ಯತ್ಯಾಸವಾಗಲಿಲ್ಲ. ಹಿಂದಿನ ವರ್ಷದ್ದರಲ್ಲೂ ಇದೇ ತಪ್ಪಿತ್ತು, ತಿದ್ದಲು ಜನವರಿ 31ರ ತನಕ ಅವಕಾಶವಿತ್ತು, ಅದನ್ನೂ ತಿದ್ದಿ ಕಳಿಸಿದೆ.

ಆದರೆ ಈ 33,500 ಅನ್ನುವ ಅಂಕಿ ನನ್ನನ್ನು ಹೊಸ ಕಾನೂನಿನ ಬೇಲಿಯೊಳಗೆ ತಂದು ನಿಲ್ಲಿಸಿತು. ಅದರ ಹೆಸರು ಮೇಕಿಂಗ್ ಟ್ಯಾಕ್ಸ್ ಡಿಜಿಟಲ್, ಅಂದರೆ ತೆರಿಗೆ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಬರೆದು ಕಳಿಸುವುದು. ಸ್ವಂತ ಕೆಲಸದಿಂದಲೋ ಮನೆ ಬಾಡಿಗೆಯಿಂದಲೋ ಎರಡೂ ಸೇರಿಯೋ ವರ್ಷಕ್ಕೆ 50,000 ಪೌಂಡಿಗಿಂತ ಹೆಚ್ಚು ಬರುವವರಿಗೆ ಬರುವ ಏಪ್ರಿಲ್ 6ರಿಂದಲೇ ಜಾರಿ. 30,000 ದಾಟಿದವರಿಗೆ 2027ರ ಏಪ್ರಿಲ್, 20,000 ದಾಟಿದವರಿಗೆ 2028ರ ಏಪ್ರಿಲ್. ನನ್ನ ವಿಷಯದಲ್ಲಿ ಈಗ ನಡೆಯುತ್ತಿರುವ ವರ್ಷದ ಲೆಕ್ಕ ನೋಡಿ ತೀರ್ಮಾನ ಮಾಡುತ್ತಾರೆ. ಈ ವರ್ಷವೂ 30,000 ದಾಟಿಯಾಗಿದೆ. ಹಾಗಾಗಿ ನನಗೆ ಇನ್ನೊಂದು ವರ್ಷ ಇದೆ.

ಈ ಮೊತ್ತ ಖರ್ಚು ಕಳೆಯುವ ಮೊದಲಿನದು ಅನ್ನುವುದನ್ನು ಗಮನಿಸಿ. ನಮ್ಮ ಕಾಫಿಗೆ ಹೋಲಿಸಿದರೆ, ಕುಯ್ಲಿನ ಕೂಲಿ, ಗೊಬ್ಬರ, ಸ್ಪ್ರಿಂಕ್ಲರ್ ಡೀಸೆಲ್ ಯಾವುದನ್ನೂ ಕಳೆಯದೆ, ಮೂಟೆ ಮಾರಿದ ದುಡ್ಡು ಪೂರ್ತಿ. ಆ ಮೊತ್ತ ನೋಡಿ ಯಾರಾದರೂ ನಿಮ್ಮನ್ನು ದೊಡ್ಡ ಪ್ಲಾಂಟರ್ ಅಂದರೆ ಹೇಗಿರುತ್ತದೆ ಹೇಳಿ. ಕೈಗೇ ಬಾರದ ಕಮಿಷನ್ನನ್ನೂ ಸೇರಿಸಿ ಎಣಿಸುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಖರ್ಚೆಲ್ಲ ಕಳೆದು ನನಗೆ ಉಳಿದಿದ್ದು 21,000. ಅದರಲ್ಲಿ 12,570ಕ್ಕೆ ತೆರಿಗೆ ಇಲ್ಲ. ಮಿಕ್ಕಿದ್ದಕ್ಕೆ ನೂರಕ್ಕೆ 20 ಆದಾಯ ತೆರಿಗೆ, 6 ನ್ಯಾಷನಲ್ ಇನ್ಶೂರೆನ್ಸ್ ಅನ್ನುವ ಸರ್ಕಾರದ ಸಾಮಾಜಿಕ ವಿಮೆ. ಸುಮಾರು 2,190 ಪೌಂಡ್ ಆಯಿತು, ಕಟ್ಟಬೇಕಾದ್ದನ್ನು ಕಟ್ಟಿದ್ದೇನೆ.

ಬದಲಾಗುವುದು ಏನು ಅಂದರೆ, ಬಂದಿದ್ದು ಹೋಗಿದ್ದು ಎರಡನ್ನೂ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಒಂದೊಂದಾಗಿ ಬರೆಯಬೇಕು: ತಾರೀಕು, ಮೊತ್ತ, ಯಾವ ಬಾಬ್ತು. ಮೂರು ತಿಂಗಳಿಗೊಮ್ಮೆ ಅದರ ಮೊತ್ತವನ್ನು ಒಪ್ಪಿಗೆ ಪಡೆದ ಸಾಫ್ಟ್‌ವೇರ್ ಮೂಲಕ ತೆರಿಗೆ ಇಲಾಖೆಗೆ ಕಳಿಸಬೇಕು. ಆಗಸ್ಟ್ 7, ನವೆಂಬರ್ 7, ಫೆಬ್ರವರಿ 7, ಮೇ 7 ಕಡೇ ದಿನಗಳು. ಎಲ್ಲ ಆದ ಮೇಲೆ ಜನವರಿ 31ರೊಳಗೆ ಇದೇ ಅಂತಿಮ ಅಂತ ಒಂದು ಘೋಷಣೆ. ತಡವಾದರೆ ಒಂದೊಂದು ಅಂಕ ಬೀಳುತ್ತದೆ, ನಾಲ್ಕು ಅಂಕಕ್ಕೆ 200 ಪೌಂಡ್ ದಂಡ.

ನಿಮ್ಮ ಮುಂದಿನ ಪ್ರಶ್ನೆ ನನಗೆ ಗೊತ್ತು. ಮೂರು ತಿಂಗಳಿಗೊಮ್ಮೆ ದುಡ್ಡೂ ಕಟ್ಟಬೇಕಾ? ಇಲ್ಲ. ಕಟ್ಟುವ ದಿನಗಳು ಮೊದಲಿನಂತೆ ಜನವರಿ 31 ಮತ್ತು ಜುಲೈ 31. ಮೂರು ತಿಂಗಳ ಲೆಕ್ಕದಲ್ಲಿ ತಪ್ಪಿದ್ದರೂ ಪ್ರಾಣ ಹೋಗುವಂಥದ್ದಲ್ಲ. ಪ್ರತಿ ಸಲ ಕಳಿಸುವುದು ಏಪ್ರಿಲ್‌ನಿಂದ ಆ ದಿನದ ತನಕದ ಒಟ್ಟು ಮೊತ್ತ, ಹಾಗಾಗಿ ಮುಂದಿನದರಲ್ಲಿ ತಿದ್ದಿದರೆ ಸರಿಯಾಗುತ್ತದೆ.

ಈಗ ನಿಮ್ಮ ಮಳೆ ಪುಸ್ತಕದ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ಆ ನಾಲ್ಕು ರಾತ್ರಿಗಳಲ್ಲಿ ನನಗೆ ಮತ್ತೆ ಮತ್ತೆ ಕಾಣುತ್ತಿದ್ದುದು ಕಣದ ಮೂಲೆಯ ಮಳೆ ಮಾಪಕ. ಬೆಳಿಗ್ಗೆ ಎಂಟಕ್ಕೆ ನೀವು ಹೋಗಿ ನೀರನ್ನು ಅಳತೆ ಗಾಜಿಗೆ ಬಗ್ಗಿಸಿ, ಕಣ್ಣ ಮಟ್ಟಕ್ಕೆ ಹಿಡಿದು ನೋಡಿ, ಜೇಬಿನ ಪೆನ್ಸಿಲ್ ತೆಗೆದು ಅಲ್ಲೇ ನಿಂತು ಬರೆಯುತ್ತಿದ್ದಿರಿ. ಇಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಇಷ್ಟು ಸೆಂಟು. ನೀರು ಚೆಲ್ಲುವುದು ಬರೆದ ಮೇಲೆ. ಒಂದು ಸಲ ನಾನು ಆಟಕ್ಕೆ ಅಂತ ನಿಮಗಿಂತ ಮೊದಲು ಹೋಗಿ ನೀರು ಚೆಲ್ಲಿ, ಒಳಗೆ ಬಂದು "ಎರಡೂಕಾಲು ಇಂಚು ಇರಬಹುದು ಅಪ್ಪಾಜಿ" ಅಂದಿದ್ದೆ. ನೀವು ಬೈಯಲಿಲ್ಲ. ಆ ದಿನದ ಜಾಗದಲ್ಲಿ ಗೆರೆ ಎಳೆದು ಖಾಲಿ ಬಿಟ್ಟಿರಿ, "ಇರಬಹುದು ಅನ್ನೋದನ್ನ ಬರೀಬಾರದು" ಅಂದಿರಿ. ಆ ಖಾಲಿ ಜಾಗ ಈಗಲೂ ಆ ಪುಸ್ತಕದಲ್ಲಿದೆ.

ಕುಯ್ಲಿನಲ್ಲೂ ಹಾಗೇ. ಸಂಜೆ ಕತ್ತಲಾಗುತ್ತಿದ್ದರೂ ಪ್ರತಿಯೊಬ್ಬರ ಚೀಲ ತೂಗಿ, ಹೆಸರಿನ ಮುಂದೆ ಕಿಲೋ ಬರೆದು, ಅವರಿಗೆ ಓದಿ ಹೇಳಿಯೇ ಮನೆಗೆ ಕಳಿಸುತ್ತಿದ್ದಿರಿ. ನಾಳೆ ಬರೆಯೋಣ ಅಂದಿದ್ದು ನಾನು ಕೇಳಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು, ಮಡಿಕೇರಿ ದಾರಿ ಮುಚ್ಚಿ, ನಮಗೆ ಕರೆಂಟೂ ಇಲ್ಲ ಫೋನೂ ಇಲ್ಲ ಅನ್ನುವಾಗಲೂ ನೀವು ಕೊಡೆ ಹಿಡಿದು ದಿನಕ್ಕೆ ಎರಡು ಮೂರು ಸಲ ಹೋಗಿ ಅಳೆದಿರಿ. ಮಾಪಕ ತುಂಬಿ ಹೊರಗೆ ಹರಿದರೆ ಲೆಕ್ಕ ತಪ್ಪುತ್ತದೆ ಅಂತ. ಆ ವಾರದ ಪುಟ ಮಾತ್ರ ನೀರು ಬಿದ್ದು ಉಬ್ಬಿದೆ, ಆದರೂ ಅಂಕಿಗಳು ಓದಲು ಬರುತ್ತವೆ. ಪೆನ್ಸಿಲ್ ಅಲ್ಲವೇ, ಮಾಸಿಲ್ಲ.

ನನಗೆ ಬೇಕಾಗಿದ್ದು ಈ ಅಭ್ಯಾಸ ಒಂದೇ. ಸಾಫ್ಟ್‌ವೇರ್ ಆಮೇಲಿನ ಮಾತು. ದುಡ್ಡು ಕೊಟ್ಟು ತಗೊಳ್ಳುವುದೂ ಇದೆ, ಪುಕ್ಕಟೆಯದೂ ಇದೆ, ಸ್ಪ್ರೆಡ್‌ಶೀಟಿನಲ್ಲಿ ಬರೆದು ಅದನ್ನು ಜೋಡಿಸುವ ಇನ್ನೊಂದು ಸಾಫ್ಟ್‌ವೇರಿನಿಂದ ಕಳಿಸಿದರೂ ನಡೆಯುತ್ತದೆ. ನನ್ನಷ್ಟು ಸಣ್ಣ ವ್ಯವಹಾರಕ್ಕೆ ಸ್ಪ್ರೆಡ್‌ಶೀಟೇ ಸಾಕು ಅಂತ ನಿರ್ಧರಿಸಿದ್ದೇನೆ. ಕಾನೂನು ನನ್ನ ಬಾಗಿಲಿಗೆ ಬರುವುದು ಮುಂದಿನ ವರ್ಷವಾದರೂ ಈ ಏಪ್ರಿಲ್ 6ರಿಂದಲೇ ಹಾಗೇ ಬರೆಯುತ್ತೇನೆ. ಬಣ್ಣದ ಅಂಗಡಿಯಿಂದ ಹೊರಗೆ ಬಂದ ತಕ್ಷಣ, ಬಸ್ ಹತ್ತುವ ಮೊದಲು, ರಸೀದಿಯ ಫೋಟೋ ತೆಗೆದು ಮೊತ್ತ ಬರೆದುಬಿಡುವುದು. ಕೆಲಸದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ತೆರೆದೆ, ಮನೆ ಸಾಮಾನಿನ ಖರ್ಚು ಅದರಲ್ಲಿ ಬೆರೆಯುವುದಿಲ್ಲ. ಏಜೆಂಟ್ ಕಳಿಸುವ ಚೀಟಿಯಿಂದ ಪೂರ್ತಿ ಮೊತ್ತ ಒಂದು ಸಾಲು, ಕಮಿಷನ್ ಇನ್ನೊಂದು ಸಾಲು. ಬಂದ ಪ್ರತಿ ನೂರರಲ್ಲಿ ಇಪ್ಪತ್ತು ತೆರಿಗೆಗೆ ಅಂತ ಎತ್ತಿಡುತ್ತೇನೆ. ಲೆಕ್ಕದ ದಾಖಲೆಗಳನ್ನು ಆ ಜನವರಿ 31 ಕಳೆದ ಮೇಲೂ ಐದು ವರ್ಷ ಇಟ್ಟುಕೊಳ್ಳಬೇಕು, ಅದಕ್ಕೆ ಎರಡು ಕಡೆ ನಕಲು ಇಟ್ಟಿದ್ದೇನೆ.

ನಮ್ಮ ಕಸುಬಿನ ಕಷ್ಟ ಇರುವುದು ದುಡ್ಡು ಬರುವ ರೀತಿಯಲ್ಲಿ. ಒಂದು ಪುಸ್ತಕಕ್ಕೆ ಸಹಿ ಹಾಕಿದಾಗ ಒಂದು ಪಾಲು, ಚಿತ್ರ ಒಪ್ಪಿಸಿದಾಗ ಒಂದು, ಅಚ್ಚಾಗಿ ಹೊರಬಂದಾಗ ಒಂದು. ನಡುವೆ ಆರು ತಿಂಗಳು ಏನೂ ಇಲ್ಲದೆಯೂ ಹೋಗಬಹುದು. ಸದ್ಯ, ದುಡ್ಡು ಕೈಗೆ ಬಂದ ದಿನವೇ ಆದಾಯ ಅಂತ ಎಣಿಸಿದರೆ ಸಾಕು, ಬಿಲ್ ಕಳಿಸಿದ ದಿನವಲ್ಲ. ಇಲ್ಲಿ ಇನ್ನೊಂದು ಒಳ್ಳೆಯ ವ್ಯವಸ್ಥೆಯೂ ಇದೆ, ನಿಮಗೆ ಖುಷಿಯಾಗುತ್ತದೆ. ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಾಗ ಬರೆದವರಿಗೂ ಚಿತ್ರ ಹಾಕಿದವರಿಗೂ ಲೆಕ್ಕ ಹಾಕಿ ವರ್ಷಕ್ಕೊಮ್ಮೆ ದುಡ್ಡು ಕೊಡುತ್ತಾರೆ. ನನಗೆ ಬರುವುದು ಚಿಕ್ಕ ಮೊತ್ತ. ಆದರೂ ಯಾವುದೋ ಊರಿನ ಮಗು ನನ್ನ ಆನೆಯ ಚಿತ್ರ ಮನೆಗೆ ಒಯ್ದಿದೆ ಅನ್ನುವುದು ಆ ಸಾಲಿನಲ್ಲಿ ಕಾಣುತ್ತದೆ. ಅದನ್ನೂ ಆದಾಯಕ್ಕೆ ಸೇರಿಸಿ ಬರೆಯಬೇಕು, ಬರೆದಿದ್ದೇನೆ.

ಇನ್ನೊಂದು ಓದಿದಾಗ ನಿಮ್ಮನ್ನು ಕೂಗಿ ಹೇಳಬೇಕು ಅನ್ನಿಸಿತು. ಒಂದು ವರ್ಷ ಚೆನ್ನಾಗಿ ಗಳಿಸಿ ಮುಂದಿನ ವರ್ಷ ಕುಸಿದರೆ, ಎರಡೂ ವರ್ಷದ ಲಾಭ ಕೂಡಿಸಿ ಸರಾಸರಿ ಮಾಡಿ ತೆರಿಗೆ ಕಟ್ಟಲು ಅವಕಾಶ ಇದೆ. ಒಂದು ವರ್ಷದ್ದು ಇನ್ನೊಂದರ ಮುಕ್ಕಾಲಿಗಿಂತ ಕಡಿಮೆ ಇರಬೇಕು ಅಷ್ಟೆ. ಈ ಅನುಕೂಲ ಎಲ್ಲ ಕಸುಬಿನವರಿಗೂ ಇಲ್ಲ. ಇರುವುದು ಬರೆಯುವವರಿಗೆ, ಚಿತ್ರ ಮುಂತಾದ ಕಲೆಯವರಿಗೆ, ಅವರ ಜೊತೆಗೆ ರೈತರಿಗೆ. ಅರೇಬಿಕಾ ಗಿಡ ಒಂದು ವರ್ಷ ಬಗ್ಗುವಷ್ಟು ಹಿಡಿದು ಮರುವರ್ಷ ಸುಸ್ತಾಗಿ ನಿಲ್ಲುವುದನ್ನು ನೋಡಿ ಬೆಳೆದವಳು ನಾನು. ನೀವೂ ನಾನೂ ಒಂದೇ ಜಾತಿಯ ದುಡಿಮೆಗಾರರು ಅಂತ ಇಲ್ಲಿನ ಕಾನೂನಿಗೂ ಗೊತ್ತಿದೆ.

ನಮ್ಮ ಸ್ಟುಡಿಯೋ ಕಟ್ಟಡದಲ್ಲಿ ಮಡಕೆ ಮಾಡುವ ಹಿರಿಯರೊಬ್ಬರಿದ್ದಾರೆ, ನಿಮ್ಮದೇ ವಯಸ್ಸು. ಕಂಪ್ಯೂಟರ್ ಮುಟ್ಟಿದವರಲ್ಲ. ಈ ಸುದ್ದಿ ಕೇಳಿ ಕಸುಬೇ ಬಿಡುತ್ತೇನೆ ಅಂತ ಕೂತಿದ್ದರು. ಗುರುವಾರ ಚಹಾದ ಹೊತ್ತಿಗೆ ಅವರ ನೋಟ್‌ಬುಕ್ ಇಟ್ಟುಕೊಂಡು ಕೂಡಿಸಿ ನೋಡಿದೆ. ವರ್ಷಕ್ಕೆ 20,000 ತಲುಪುವುದೇ ಇಲ್ಲ, ಅವರಿಗೆ ಈ ಕಾನೂನು ಅನ್ವಯವಾಗುವುದಿಲ್ಲ. ದಾಟಿದರೂ ವಯಸ್ಸು, ಅಂಗವೈಕಲ್ಯದಂಥ ಕಾರಣದಿಂದ ಕಂಪ್ಯೂಟರ್ ಬಳಸಲಾಗದವರು ವಿನಾಯಿತಿ ಕೇಳಬಹುದು. ಯಾರೂ ಅವರಿಗೆ ಅದನ್ನು ಕೂರಿಸಿಕೊಂಡು ಹೇಳಿರಲಿಲ್ಲ. ಕಾನೂನು ಮಾಡುವವರು ಇಂಥವರ ಪಕ್ಕ ಒಂದು ಗಂಟೆ ಕೂರಲು ಜನರನ್ನೂ ಕಳಿಸಬೇಕಿತ್ತು.

ಅವ್ವನಿಗೆ ಹೇಳಿ, ದುಡ್ಡು ಬೇಡ. ಏಲಕ್ಕಿ ಇನ್ನೂ ಇದೆ, ಕಾಫಿ ಪುಡಿ ಮುಗಿಯುತ್ತಾ ಬಂತು. ಯಾರಾದರೂ ಈ ಕಡೆ ಬರುವವರಿದ್ದರೆ ಒಂದು ಕಿಲೋ ಕಳಿಸಿದರೆ ಸಾಕು. ಮೆಣಸು ಕುಯ್ಲಿಗೆ ನೀವು ಏಣಿ ಹತ್ತಬೇಡಿ, ಹೋದ ವರ್ಷ ಮಂಡಿ ಊದಿದ್ದನ್ನು ಮರೆತಿಲ್ಲ ನಾನು. ತಮ್ಮನಿಗೆ ಹೇಳಿ 2018ರ ಆಗಸ್ಟ್ ಪುಟದ್ದೂ, ನಾನು ನೀರು ಚೆಲ್ಲಿದ ದಿನದ ಆ ಖಾಲಿ ಜಾಗದ್ದೂ ಫೋಟೋ ತೆಗೆಸಿ ಕಳಿಸಿ. ಮೇಜಿನ ಮುಂದೆ ಅಂಟಿಸಿಕೊಳ್ಳುತ್ತೇನೆ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಎಷ್ಟು ಸೆಂಟು ಅಂತ ನನಗೂ ಒಂದು ಮೆಸೇಜ್ ಹಾಕಿ. ಇಲ್ಲಿ ರಾತ್ರಿಯಾಗಿದ್ದರೂ ಪರವಾಗಿಲ್ಲ.

ನಿಮ್ಮ ಪ್ರೀತಿಯ ಮಗಳು